ಪಿಸಿ ಜೋಡಣೆ: ನಿಮ್ಮ ಕೈಯೋ, ಅಂಗಡಿಯವರ ಕೈಯೋ?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪಾರ್ಟ್ಸ್ ಕೊಂಡರೆ ಅಲ್ಲೇ ಜೋಡಿಸಿ ಕೊಡುವವರಿದ್ದಾರೆ. ಇಲ್ಲವೇ ಮನೆಗೆ ತಂದು ನೀವೇ ಕೂತು ಜೋಡಿಸಬಹುದು. ಎರಡರಲ್ಲೂ ತಪ್ಪಾಗುತ್ತದೆ, ಆದರೆ ಬೇರೆ ಬೇರೆ ತಪ್ಪು.

ಅಂಗಡಿಯವರ ಕೈ ಪಳಗಿರುತ್ತದೆ. ಎಎಂಡಿ ಪ್ರೊಸೆಸರ್‌ಗಳ ಏಎಂ5 ಬೋರ್ಡಿನಲ್ಲಿ ಪಿನ್‌ಗಳು ಪ್ರೊಸೆಸರ್ ಕೂರುವ ಸಾಕೆಟ್‌ನಲ್ಲೇ ಇರುತ್ತವೆ, ಒಂದು ಬಗ್ಗಿದರೂ ತಲೆನೋವು. ಆ ಭಯ ನಿಮಗಿಲ್ಲ. ಅಲ್ಲಿ ಮೋಸ ಹೋಗುವುದು ಕೊಟೇಶನ್‌ನಲ್ಲಿ. ಸುಮ್ನೆ 'ಎಸ್‌ಎಂಪಿಎಸ್ 500 ವ್ಯಾಟ್' (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಅಂತ ಬರೆದಿದ್ದರೆ ಒಪ್ಪಬೇಡಿ. ಕಂಪನಿ, ಮಾಡೆಲ್ ಎರಡನ್ನೂ ಬರೆಸಿ. ರ್‍ಯಾಮ್ 16 ಜಿಬಿ ಅಂದರೆ ಒಂದೇ ಸ್ಟಿಕ್ ಹಾಕಿಬಿಡಬಹುದು. 8 ಜಿಬಿಯ ಎರಡು ಕೇಳಿ, ಗೇಮ್‌ಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ನೀವೇ ಜೋಡಿಸಿದರೆ ಪಟ್ಟಿ ನಿಮ್ಮದೇ, ಎಡವುವುದು ಕೈ. ನಾನು ಮೊದಲ ಸಲ ಸಿಪಿಯು ತಣ್ಣಗಿಡುವ ಕೂಲರ್ ಅಡಿಯ ಪ್ಲಾಸ್ಟಿಕ್ ಹಾಳೆ ಸುಲಿಯದೇ ಕೂರಿಸಿದ್ದೆ. ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಸಿಪಿಯು 95 ಡಿಗ್ರಿ! ಬಿಚ್ಚಿ ನೋಡಿದರೆ ಸಿಪಿಯು ಶಾಖವನ್ನು ಕೂಲರ್‌ಗೆ ದಾಟಿಸಬೇಕಾದ ಪೇಸ್ಟ್ ಹಾಳೆಯ ಮೇಲೇ ಮೆತ್ತಿತ್ತು. ಇನ್ನೊಂದು ಎಡವಟ್ಟು, ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ ಮಾನಿಟರ್ ಕೇಬಲ್ಲನ್ನು ಅದಕ್ಕೆ ಚುಚ್ಚದೆ ಮದರ್‌ಬೋರ್ಡಿಗೆ ಚುಚ್ಚುವುದು. ನಗಬೇಡಿ, ಸುಮಾರು ಜನ ಮಾಡುತ್ತಾರೆ.

ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟಿಂಗ್ಸ್ ಪರದೆ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಮೆಮೊರಿ ವೇಗದ ಸೆಟಿಂಗ್ ಆನ್ ಮಾಡದಿದ್ದರೆ ರ್‍ಯಾಮ್ ಪೂರ್ತಿ ವೇಗದಲ್ಲಿ ಓಡುವುದಿಲ್ಲ. ಯಾರೇ ಜೋಡಿಸಿರಲಿ, ಅದನ್ನು ನೀವೇ ನೋಡಿಕೊಳ್ಳಿ.

ಒಂದು ಭಾನುವಾರ ಪೂರ್ತಿ ಬಿಡುವಿದೆಯಾ? ಮನೆಯಲ್ಲೇ ಜೋಡಿಸಿ. ಸೋಮವಾರಕ್ಕೇ ಮಷಿನ್ ಬೇಕಾ? ಅಂಗಡಿಯಲ್ಲೇ ಮಾಡಿಸಿ, ಆದರೆ ಪಟ್ಟಿ ಮಾತ್ರ ನೀವೇ ಬರೆದುಕೊಂಡು ಹೋಗಿ. ಖಾಲಿ ಡಬ್ಬಗಳನ್ನೂ ಕೇಳಿ ತನ್ನಿ, ವಾರಂಟಿಗೆ ಸೀರಿಯಲ್ ನಂಬರ್ ಬೇಕಲ್ವಾ.