ಮಗಳ ಸೀಮಂತಕ್ಕೆ ತಂದ 90 ತಟ್ಟೆ: ಕೆಂಗೇರಿ ಉಪನಗರದ ನಮ್ಮ ತಟ್ಟೆ ಬ್ಯಾಂಕ್

ಹೋದ ತಿಂಗಳು ಮಗಳ ಸೀಮಂತ ಮಾಡಿದೆವು. ಮನೆಯ ಮಾಳಿಗೆ ಮೇಲೆ ಶಾಮಿಯಾನ, 80 ಜನಕ್ಕೆ ಊಟ. ಅಡುಗೆಯವರನ್ನು ತಟ್ಟೆ ಕೇಳಿದರೆ ಬೆಳ್ಳಿ ಬಣ್ಣದ ಪೇಪರ್ ತಟ್ಟೆ ತೋರಿಸಿದರು. ಬಾಳೆಲೆ ಹಾಕಿ ಬಡಿಸೋಣ ಅಂದರೆ ಸಾಲಾಗಿ ಟೇಬಲ್ ಹಾಕುವಷ್ಟು ಜಾಗ ಇಲ್ಲ. ಎಲ್ಲರೂ ಕೈಯಲ್ಲೇ ಹಿಡಿದು ಊಟ ಮಾಡಬೇಕು. ಆಗ ಹಿಂದಿನ ಬೀದಿಯ ಮಹಿಳಾ ಸಂಘದವರ ತಟ್ಟೆ ಬ್ಯಾಂಕ್ ನೆನಪಾಯಿತು.

ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರು ಇಂಥದ್ದೊಂದು ಪ್ಲೇಟ್ ಬ್ಯಾಂಕ್ ನಡೆಸುತ್ತಾರೆ. ಅದನ್ನು ನೋಡಿಯೇ ನಮ್ಮವರೂ ಶುರು ಮಾಡಿದ್ದು. ಇದು ಚಿಕ್ಕದು. 120 ಸ್ಟೀಲ್ ತಟ್ಟೆ, ಅಷ್ಟೇ ಲೋಟ, ಚಮಚ, ಸಣ್ಣ ಬಟ್ಟಲು. ಬಾಡಿಗೆ ಇಲ್ಲ. 1000 ರೂಪಾಯಿ ಅಡ್ವಾನ್ಸ್ ಕೊಟ್ಟರೆ ಸಾಕು, ವಾಪಸ್ ಕೊಟ್ಟಾಗ ಅದನ್ನೂ ಪೂರ್ತಿ ಹಿಂದಿರುಗಿಸುತ್ತಾರೆ. ಕಳೆದುಹೋದ ತಟ್ಟೆಯ ದುಡ್ಡು ಮಾತ್ರ ಹಿಡಿದುಕೊಳ್ಳುತ್ತಾರೆ.

ಬೀಗದ ಕೈ ಇಟ್ಟುಕೊಂಡಿರುವವರು ನಿವೃತ್ತ ಟೀಚರ್. ಎಲ್ಲರೂ ಅವರನ್ನು ಮಿಸ್ ಅಂತಲೇ ಕರೆಯುವುದು. "ನಾನು ಎಣಿಸಿದ್ದೀನಿ ಅಂತ ಬಿಡಬೇಡಿ, ನೀವೂ ಒಂದ್ಸಲ ಎಣಿಸ್ಕೊಳ್ಳಿ" ಅಂದರು. ಎಣಿಸುವಾಗಲೇ ನಾನು ನೋಡಿದ್ದು. ತಟ್ಟೆಯ ಅಂಚಿನಲ್ಲಿ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಹೆಸರು ಹಾಕಿಸಿದ್ದಾರೆ. ಒಂದರಲ್ಲಿ "ಅಮ್ಮನ ನೆನಪಿಗೆ, ಮಕ್ಕಳು". ಇನ್ನೊಂದರಲ್ಲಿ ಮಗುವಿನ ನಾಮಕರಣದ ತಾರೀಖು. ಅಂಗಡಿಯಿಂದ ಬಾಡಿಗೆಗೆ ತರುವ ತಟ್ಟೆಯಲ್ಲಿ ಇದು ಎಲ್ಲಿ ಸಿಗಬೇಕು? ಪ್ರತಿ ಕಟ್ಟೂ ಯಾರದೋ ಮನೆಯಿಂದ ಬಂದದ್ದು.

ಊಟದ ಹೊತ್ತಿಗೆ ತಟ್ಟೆಯ ಬೆಲೆ ಗೊತ್ತಾಯಿತು. ಬಿಸಿಬೇಳೆ ಬಾತ್ ಹಾಕಿದರೂ ಬಾಗಲಿಲ್ಲ, ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡು ಜನ ಆರಾಮಾಗಿ ನಿಂತೇ ಊಟ ಮಾಡಿದರು. ಬಟ್ಟಲು ಮಾತ್ರ ತೀರಾ ಚಿಕ್ಕದು. ಎರಡು ಸೌಟು ಪಾಯಸ ಹಿಡಿಸುವುದಿಲ್ಲ, ವಯಸ್ಸಾದವರ ಕೈಯಲ್ಲಿ ತುಳುಕುತ್ತದೆ. ಸ್ವಲ್ಪ ದೊಡ್ಡ ಬಟ್ಟಲು ಮಾಡಿಸಲೇಬೇಕು.

ಮುಸುರೆ ತೊಳೆಯುವ ಕೆಲಸ ನಮ್ಮದೇ. ಇದನ್ನು ಕೇಳಿಯೇ ಜಾಸ್ತಿ ಜನ ಹಿಂದೆ ಸರಿಯುತ್ತಾರೆ. ನನಗೂ ಅದೇ ಚಿಂತೆಯಿತ್ತು. ಆದರೆ ನಾಲ್ಕು ಗಂಟೆಗೆ ಪಕ್ಕದ ಮನೆಯ ಅಕ್ಕ, ನನ್ನ ನಾದಿನಿ, ಎದುರು ಮನೆಯ ಹುಡುಗರಿಬ್ಬರು ಮಾಳಿಗೆಗೆ ಬಂದರು. ಮೂರು ಟಬ್ ಇಟ್ಟೆವು. ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಗಲಬರಿಸುವ ನೀರು, ಕೊನೆಯದರಲ್ಲಿ ಬಿಸಿನೀರು. ಹುಡುಗರು ಒರೆಸಿ ಚಾಪೆ ಮೇಲೆ ಬೋರಲು ಹಾಕಿದರು. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಕಾವೇರಿ ನೀರು ಬರುವ ದಿನ ನೋಡಿಕೊಂಡು ಕಾರ್ಯಕ್ರಮ ಇಟ್ಟುಕೊಳ್ಳಿ, ಇಲ್ಲದಿದ್ದರೆ ತೊಂದರೆ.

ನಾವು ತಂದದ್ದು 90 ತಟ್ಟೆ, ಸಂಜೆ ಎಣಿಸಿದರೆ 89. ಮನೆಯೆಲ್ಲಾ ಹುಡುಕಿದೆವು, ಸಿಗಲಿಲ್ಲ. ಮಾರನೇ ದಿನ ಬೆಳಗ್ಗೆ ಕಸದ ಆಟೋ ಬಂತು. ಹಸಿ ಕಸ ಸುರಿಯುವಾಗ ಟಣ್ ಅಂತ ಸದ್ದು. ಆಟೋದ ಹೆಂಗಸು ಬಾಗಿ ತಟ್ಟೆ ತೆಗೆದು, ಹೆಸರು ಓದಿ, "ಅಕ್ಕಾ, ಇದು ಸಂಘದ್ದಲ್ವಾ? ನಾವೂ ಕೊಟ್ಟಿದ್ದೀವಿ ಅದಕ್ಕೆ" ಅಂದರು. ಅವರ ಕೈ ಹಿಡಿದುಕೊಂಡೆ. ಆ ದಿನ ನಮ್ಮನೆಯಿಂದ ಹೋದದ್ದು ಒಂದೂವರೆ ಬಕೆಟ್ ಹಸಿ ಕಸ, ಅಷ್ಟೇ.

ಪ್ಲಾಸ್ಟಿಕ್ ತಟ್ಟೆ, ಲೋಟ, ಥರ್ಮೋಕೋಲ್ ಎಲ್ಲಕ್ಕೂ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಪೇಪರ್ ಲೋಟದ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಸುಮ್ನೆ ಮಣ್ಣಲ್ಲಿ ಕರಗುವುದಿಲ್ಲ. ನಮ್ಮತ್ತೆ ಹುಡುಗಿಯಾಗಿದ್ದಾಗ ಇಲ್ಲಿನ ವೃಷಭಾವತಿ ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಈಗ ಮಳೆ ಬಂದ ಮಾರನೇ ದಿನ ಸೇತುವೆ ಮೇಲೆ ನಿಂತರೆ ಕಪ್ಪು ನೀರಿನಲ್ಲಿ ಇಂಥ ತಟ್ಟೆ ಲೋಟಗಳೇ ತೇಲುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೆರಡು ಮಾತು. ಕೊಡುವ ಸಮಯ ಸಂಜೆ 5ರಿಂದ 7 ಮಾತ್ರ. ಕೆಲಸದಿಂದ ಮೆಟ್ರೋ ಇಳಿದು ಬರುವವರಿಗೆ ಇದು ಆಗುವುದಿಲ್ಲ, ಭಾನುವಾರ ಬೆಳಗ್ಗೆಯೂ ತೆರೆದರೆ ಒಳ್ಳೆಯದು. ತಟ್ಟೆ ತುಂಬಿದ ಕ್ರೇಟ್ ಎತ್ತಲು ಇಬ್ಬರು ಬೇಕು, ಗಾಡಿ ನೀವೇ ತರಬೇಕು. ಮದುವೆ ಸೀಸನ್‌ನಲ್ಲಿ ಮೂರು ವಾರ ಮುಂಚೆ ಹೇಳಿಡಿ.

ತಟ್ಟೆ ವಾಪಸ್ ಕೊಡಲು ಹೋದಾಗ ಅತ್ತೆಯ ಹೆಸರು ಹಾಕಿಸಿ ಹತ್ತು ದೊಡ್ಡ ಬಟ್ಟಲು ತೆಗೆದುಕೊಂಡು ಹೋಗಿದ್ದೆ. ಮಿಸ್ ಅವನ್ನೂ ಎರಡು ಸಲ ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡರು.