ಮರಳಿ ಕಟ್ಟಿಸಿದ ಅಸ್ತ್ರ ಒಲೆ: ನಾಲ್ಕೈದು ವರ್ಷ ಬಳಸಿದ ಮೇಲೆ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಮನೆಗೆ ಅಸ್ತ್ರ ಒಲೆ ಹೊಸದೇನಲ್ಲ. ಸುಧಾರಿತ ಒಲೆಗಳ ಸರ್ಕಾರಿ ಯೋಜನೆ ಹಳ್ಳಿಗಳಿಗೆ ಬಂದ ಕಾಲದಲ್ಲಿ ಅತ್ತೆಯವರು ಕಟ್ಟಿಸಿದ್ದು. ಅದು ಒಳಗೆಲ್ಲ ಹೊಗೆ ಕಾರಲು ತೊಡಗಿದಾಗ, ಒಡೆದುಹಾಕಿ ಗ್ಯಾಸ್ ಒಂದನ್ನೇ ನೆಚ್ಚಿಕೊಳ್ಳೋಣ ಎಂಬ ಮಾತು ಮನೆಯಲ್ಲಿ ಎದ್ದಿತು. ನಾನು ಒಪ್ಪಲಿಲ್ಲ. ಅಡಿಗಟ್ಟು ಉಳಿಸಿಕೊಂಡು ಮೇಲಿನದನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿಸಿದೆವು. ನಾಲ್ಕೈದು ವರ್ಷ ದಿನವೂ ಉರಿಸಿದ ಮೇಲೆ ಹೇಳುತ್ತಿದ್ದೇನೆ: ಸ್ವಂತ ತೋಟ, ಹೊಲದ ಕಟ್ಟಿಗೆ ಇರುವ, ಏಳೆಂಟು ಜನ ಉಣ್ಣುವ ಮನೆಗೆ ಇದಕ್ಕಿಂತ ಒಳ್ಳೆಯ ಒಲೆಯನ್ನು ನಾನು ಕಂಡಿಲ್ಲ. ಆದರೆ ಅಳತೆ ತಪ್ಪಿದರೆ ಇದರಷ್ಟು ಕಾಡುವ ಒಲೆಯೂ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿಯೇ ಶುರುವಾದ ವಿಭಾಗ ‘ಅಸ್ತ್ರ’. ಈ ಒಲೆ ಅಲ್ಲಿಯದು. ಮೂರು ಪಾತ್ರೆಗಳು ಒಂದರ ಹಿಂದೆ ಒಂದು ಕೂರುತ್ತವೆ. ಬೆಂಕಿ ಮೊದಲನೆಯದರ ಕೆಳಗೆ ಮಾತ್ರ. ಅಲ್ಲಿಂದ ಬಿಸಿಗಾಳಿ ಒಳದಾರಿಯಲ್ಲಿ ಹರಿದು ಎರಡನೆಯ, ಮೂರನೆಯ ಪಾತ್ರೆಯ ತಳವನ್ನು ಸವರಿ ಹೊಗೆಕೊಳವೆ ಸೇರುತ್ತದೆ. ಕಟ್ಟಿಗೆ ಮಣ್ಣಿನ ನೆಲದ ಮೇಲೆ ಉರಿಯುವುದಿಲ್ಲ, ಬೀಡುಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಜಾಲರಿಯ ಕೆಳಗಿನಿಂದ ಗಾಳಿ ಏರುತ್ತದೆ, ಬೂದಿ ಕೆಳಗೆ ಇಳಿಯುತ್ತದೆ. ಊದುಗೊಳವೆಯನ್ನು ನಾವು ಮುಟ್ಟಿ ಎಷ್ಟೋ ಕಾಲವಾಯಿತು.

ಹಳೆಯ ಒಲೆ ಯಾಕೆ ಕೆಟ್ಟಿತೆಂದು ಕಂಡುಹಿಡಿದದ್ದು ನಮ್ಮೂರಿನ ಗೌಂಡಿ. ಅವರು ಮಣ್ಣು ಮುಟ್ಟುವ ಮೊದಲೇ ಪಾತ್ರೆಗಳನ್ನು ತರಿಸಿ ತೂತುಗಳ ಮೇಲೆ ಇಟ್ಟು ನೋಡಿದರು. “ಒಲೆ ಕೆಟ್ಟದ್ದಲ್ಲಮ್ಮ, ನಿಮ್ಮ ಪಾತ್ರೆ ಬದಲಾಗಿವೆ” ಎಂದರು. ನಿಜ. ಅತ್ತೆಯವರ ಕಾಲದ ಗುಂಡು ತಳದ ಹಿತ್ತಾಳೆ ಪಾತ್ರೆಗಳ ಅಳತೆಗೆ ಕಟ್ಟಿದ ಬಾಯಿಗಳವು. ಈಗ ಅಲ್ಲಿ ಚಪ್ಪಟೆ ತಳದ ಕುಕ್ಕರ್, ಸ್ಟೀಲ್ ಬೋಗುಣಿ ಕೂರುತ್ತಿದ್ದವು. ಪಾತ್ರೆಗೂ ಒಲೆಯ ಬಾಯಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿದ್ದರೆ ಹೊಗೆಕೊಳವೆ ಬೆಂಕಿಯ ಕಡೆಯಿಂದ ಎಳೆಯುವ ಬದಲು ಆ ಸಂದಿನಿಂದ ತಣ್ಣನೆಯ ಗಾಳಿಯನ್ನು ಎಳೆಯುತ್ತದೆ. ಉರಿ ಮಂಕಾಗುತ್ತದೆ, ಹೊಗೆ ಅಡುಗೆಮನೆಗೆ ತಿರುಗುತ್ತದೆ. ಜಾಲರಿಯೂ ನಡುವೆ ಬಾಗಿತ್ತು, ಕಟ್ಟಿಗೆ ತುರುಕುವ ಬಾಯಿಯ ಮಣ್ಣು ಸೀಳಿತ್ತು. ಆದರೆ ಮೂಲ ಕಾರಣ ಆ ಸಂದು.

ಹಾಗಾಗಿ ಈ ಸಲ ದಿನಬಳಕೆಯ ಮೂರು ಪಾತ್ರೆಗಳನ್ನೇ ಇಟ್ಟು ಅವುಗಳ ಸುತ್ತ ಬಾಯಿ ತಿದ್ದಿಸಿದೆವು. ಹುತ್ತದ ಮಣ್ಣು, ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಕಲಸಿ ಕೊಳೆಯಲು ಬಿಟ್ಟು ಆಮೇಲೆ ಕಟ್ಟಿದ್ದು. ಬೆಂಕಿಗೂಡಿನ ಒಳಮೈಗೆ ಚೆನ್ನಾಗಿ ಸುಟ್ಟ ಇಟ್ಟಿಗೆ. ಸಿಮೆಂಟ್ ಬೇಡವೇ ಬೇಡ, ಕಾವಿಗೆ ಬಿರಿಯುತ್ತದೆ. ನೆರಳಿನಲ್ಲಿ ಒಣಗುವ ತನಕ ಕಾದದ್ದರಿಂದ ದೊಡ್ಡ ಬಿರುಕು ಬರಲಿಲ್ಲ. ಸಣ್ಣ ಗೀರುಗಳನ್ನು ವಾರಕ್ಕೊಮ್ಮೆ ಸಾರಿಸುವಾಗ ಮುಚ್ಚುತ್ತೇನೆ.

ಉರಿಸುವ ಕ್ರಮವೂ ಮುಖ್ಯ. ಕಟ್ಟಿಗೆ ಗೇಣುದ್ದದ ತುಂಡುಗಳಾಗಿರಬೇಕು, ಎರಡು ಮೂರರಂತೆ ಹಾಕುತ್ತಿರಬೇಕು. ಉದ್ದನೆಯ ಕೊರಡು ತುರುಕಿದರೆ ಕಟ್ಟಿಗೆ ಹಾಕುವ ಬಾಯಿಯ ಮುಚ್ಚಳ ಮುಚ್ಚಲು ಬರುವುದಿಲ್ಲ. ಒಣಗಿದ ಮರದ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕಾವಿಗೆ ಅನಿಲವಾಗಿ ಹೊರಡುತ್ತದೆ. ಅದು ಉರಿಯದೆ ಹೋದರೆ ಹೊಗೆ. ಕಣ್ಣುರಿಸುವ ಆ ಹೊಗೆ ನಾವು ಬೆವರು ಸುರಿಸಿ ಕಡಿದು ತಂದ ಕಟ್ಟಿಗೆಯೇ ಎಂಬುದು ತಿಳಿದ ಮೇಲೆ ನಾನು ಅಂಗಳಕ್ಕೆ ಹೋಗಿ ಕೊಳವೆಯ ತುದಿ ನೋಡುವ ಅಭ್ಯಾಸ ಮಾಡಿಕೊಂಡೆ. ಹೊತ್ತಿಸಿದಾಗ ಬಿಳಿ ಹೊಗೆ ಸಹಜ. ಒಲೆ ಕಾದ ಮೇಲೂ ಅದು ನಿಲ್ಲದಿದ್ದರೆ ಕಟ್ಟಿಗೆ ಹಸಿಯಾಗಿದೆ, ಇಲ್ಲವೇ ಬೂದಿಗೂಡು ತುಂಬಿದೆ.

ಚಳಿದೇಶಗಳ ಮನೆಗಳಲ್ಲಿ ಈ ಹೊಗೆಯನ್ನು ಸುಡಲು ವೇಗವರ್ಧಕ, ಅಂದರೆ ಹೊಗೆ ಕಡಿಮೆ ಕಾವಿನಲ್ಲೇ ಉರಿಯುವಂತೆ ಮಾಡುವ ವಸ್ತು, ಇರುವ ಒಲೆಗಳಿವೆ. ಪಲ್ಲಾಡಿಯಂ ಅಥವಾ ಪ್ಲಾಟಿನಂ ಲೇಪಿಸಿದ, ಜೇನುಗೂಡಿನಂಥ ಕಿಂಡಿಗಳ ಬಿಲ್ಲೆಯ ಮೂಲಕ ಹೊಗೆ ಹಾಯುತ್ತದೆ. ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕಾದ ಹೊಗೆ ಅಲ್ಲಿ 300ರ ಒಳಗೇ ಉರಿಯುತ್ತದೆ. ರಾತ್ರಿಯಿಡೀ ಕೋಣೆ ಬೆಚ್ಚಗಿಡಲು ಬೆಂಕಿಯನ್ನು ಮಂದವಾಗಿ ಉರಿಸುವವರಿಗೆ ಅದು ಬೇಕು. ನಮ್ಮದು ಅಡುಗೆಯ ಚುರುಕು ಬೆಂಕಿ. ಮುಚ್ಚಿದ ಗೂಡು, ಒಣ ಕಟ್ಟಿಗೆ, ಜಾಲರಿಯ ಗಾಳಿ ಇದ್ದರೆ ಬಹುಪಾಲು ಹೊಗೆ ಗೂಡಿನಲ್ಲಿಯೇ ಉರಿದುಹೋಗುತ್ತದೆ.

ಉರುವಲಿನ ವಿಷಯದಲ್ಲಿ ನಮ್ಮ ಸೀಮೆಗೆ ಕೊರತೆಯಿಲ್ಲ. ಬಳ್ಳಾರಿ ಜಾಲಿ ಎಲ್ಲಕ್ಕಿಂತ ಮೇಲು, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ತಟ್ಟನೆ ಹೊತ್ತಿ ಬೇಗ ಮುಗಿಯುತ್ತದೆ, ಮುದ್ದೆಯ ಎಸರು ಕುದಿಸಲು ಸಾಕು. ಅಡಿಕೆ ಸಿಪ್ಪೆ ಸಲಸಲ ಎನ್ನುವಷ್ಟು ಒಣಗಿರದಿದ್ದರೆ ಹತ್ತಿರಕ್ಕೂ ತರಬೇಡಿ. ಅದರ ಹೊಗೆ ಕೊಳವೆಯೊಳಗೆ ಡಾಂಬರಿನಂತೆ ಅಂಟುತ್ತದೆ, ಆ ಮಸಿಗೆ ಬೆಂಕಿ ತಗಲಿದರೆ ಚಾವಣಿಗೂ ಅಪಾಯ. ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿಯ ಉಂಡೆ ಕಟ್ಟಿ ಕೊಳವೆಯಲ್ಲಿ ಮೇಲೆ ಕೆಳಗೆ ಎಳೆದು ಮಸಿ ಉದುರಿಸುತ್ತೇವೆ.

ಇನ್ನು ಕೊರತೆಗಳು. ರೊಟ್ಟಿ ಮಾಡುವವರಿಗೆ ಇದು ನಿರಾಸೆ ತರುತ್ತದೆ. ಹಂಚು ಬಾಯಿಗೆ ಸರಿಯಾಗಿ ಕೂರುವುದಿಲ್ಲ. ಕಮ್ಮಾರರಿಂದ ಕಬ್ಬಿಣದ ಬಳೆ ಮಾಡಿಸಿ ಅದರ ಮೇಲೆ ಹಂಚು ಇಡುತ್ತೇನೆ. ಆದರೂ ಜೋಳದ ರೊಟ್ಟಿಯನ್ನು ಕೆಂಡಕ್ಕೆ ಒಡ್ಡಿ ಉಬ್ಬಿಸಲು ಮುಚ್ಚಿದ ಗೂಡಿನಲ್ಲಿ ಜಾಗವಿಲ್ಲ. ಅತ್ತೆಯವರು ಈ ಒಂದು ವಿಷಯಕ್ಕೆ ಇಂದಿಗೂ ಒಲೆಯನ್ನು ಕ್ಷಮಿಸಿಲ್ಲ, ಅವರ ಮಾತು ನ್ಯಾಯವೇ. ಎರಡು ಲೋಟ ಚಹಾಕ್ಕೆ ಹೊತ್ತಿಸುವುದೂ ದಂಡ, ಮಣ್ಣಿನ ಮೈ ಮೊದಲು ತಾನು ಕಾಯಲು ಬೇಕಾದಷ್ಟು ಕಾವು ಕುಡಿಯುತ್ತದೆ. ಚಹಾ ಗ್ಯಾಸಿನ ಮೇಲೆಯೇ. ಅದೇ ಮಣ್ಣು ಅಡುಗೆಯಾದ ಮೇಲೆ ಸಾರನ್ನು ಮಧ್ಯಾಹ್ನದ ತನಕ ಬೆಚ್ಚಗಿಡುತ್ತದೆ. ಮೂರನೆಯ ಬಾಯಿಯಲ್ಲಿ ಬೇಳೆ ಬೇಯುವುದಿಲ್ಲ, ಅದು ನೀರು ಕಾಯಿಸಲಷ್ಟೇ. ಅಡುಗೆ ಮುಗಿಯುವ ಹೊತ್ತಿಗೆ ಪಾತ್ರೆ ತೊಳೆಯಲು, ಮಕ್ಕಳ ಸ್ನಾನಕ್ಕೆ ನೀರು ಸಿದ್ಧ. ಯಾವ ಬಾಯಿಯನ್ನೂ ಖಾಲಿ ಬಿಡಬಾರದು, ಏನೂ ಇಲ್ಲದಿದ್ದರೆ ನೀರು ತುಂಬಿದ ಪಾತ್ರೆಯನ್ನಾದರೂ ಇಡಬೇಕು.

ಮತ್ತೊಂದು ತೊಂದರೆ ಆಷಾಢದ ಗಾಳಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ಗಾಳಿ ಕೊಳವೆಯಿಂದ ಹೊಗೆಯನ್ನು ಒಳಕ್ಕೇ ದಬ್ಬುತ್ತಿತ್ತು. ಕೊಳವೆಯನ್ನು ಮನೆಯ ನೆತ್ತಿಗಿಂತ ಎರಡಡಿ ಎತ್ತರಿಸಿ, ತುದಿಗೆ ತಗಡಿನ ಟೋಪಿ ಹಾಕಿಸಿದ ಮೇಲೆ ಸರಿಹೋಯಿತು. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಈ ಕೊಳವೆಯದೇ. ಕಟ್ಟಿಸುವವರು ಅಲ್ಲಿ ಮಾತ್ರ ಕೈ ಬಿಗಿಹಿಡಿಯಬೇಡಿ: ನಾಲ್ಕು ಅಂಗುಲಕ್ಕಿಂತ ಕಿರಿದಾದದ್ದು ಬೇಡ, ಹೆಂಚಿನ ಚಾವಣಿಯನ್ನು ಹಾಯುವಲ್ಲಿ ಮರದ ಜಂತೆಗೆ ತಾಗದಂತೆ ಸುತ್ತ ತಗಡು ಹೊಡೆಸಿ, ಮಸಿ ತೆಗೆಯಲು ಬುಡದಲ್ಲಿ ಒಂದು ಕಿಂಡಿ ಬಿಡಿಸಿ.