ಫೇಸ್‌ಕ್ರೀಮ್ ತಂದ ಕೆಂಪು ಇಳಿಯದಿದ್ದರೆ: ಕ್ಯಾಲಮೈನ್, ಜೆಲ್ಲಿ, ಸ್ಟಿರಾಯ್ಡ್, ಲೋಳೆಸರ

ಹೊಸ ಸೀರಮ್ ಹಚ್ಚಿದ ಕೆಲವೇ ನಿಮಿಷದಲ್ಲಿ, ಹೆಚ್ಚೆಂದರೆ ತಾಸು-ಎರಡು ತಾಸಿನಲ್ಲಿ ಉರಿ ಹತ್ತಿದರೆ ಅದು ಸಾಮಾನ್ಯವಾಗಿ ಬರೀ ಕೆರಳಿಕೆ. ಹಚ್ಚಿದ ಒಂದೆರಡು ದಿನ ಬಿಟ್ಟು ತುರಿಕೆ, ಸಣ್ಣ ಗುಳ್ಳೆ ಎದ್ದರೆ ಅಲರ್ಜಿಯ ಅನುಮಾನ ಹೆಚ್ಚು. ಕ್ರೀಮ್ ಬಿಟ್ಟ ಮೇಲೂ ಅಲರ್ಜಿ ಎರಡು-ಮೂರು ವಾರ ಉಳಿಯುವುದು ಸಹಜ. ತಿಂಗಳು ದಾಟಿದರೆ ಮಾತ್ರ ಈಗ ಅದರ ಮೇಲೆ ಏನು ಹಚ್ಚುತ್ತಿದ್ದೀರಿ ಎಂದು ನೋಡಬೇಕು. ಬಹಳ ಸಲ ಕಾರಣ ಅಲ್ಲೇ ಸಿಗುತ್ತದೆ.

ಕ್ಯಾಲಮೈನ್ ಹಚ್ಚಿದ ಕೂಡಲೇ ತಂಪು, ತುರಿಕೆಯೂ ತಗ್ಗುತ್ತದೆ. ಗುಳ್ಳೆಯಿಂದ ನೀರು ಒಸರುವ ಮೊದಲ ಎರಡು-ಮೂರು ದಿನಕ್ಕೆ ಇದೇ ಮೇಲು. ಬಾಟಲಿ ಚೆನ್ನಾಗಿ ಅಲುಗಾಡಿಸದಿದ್ದರೆ ಪುಡಿ ತಳದಲ್ಲೇ ಉಳಿದು ಬರೀ ನೀರು ಹಚ್ಚಿದಂತಾಗುತ್ತದೆ. ಆದರೆ ಹೊಟ್ಟು ಏಳಲು ಶುರುವಾದ ಮೇಲೂ ಇದನ್ನೇ ಹಚ್ಚಿದರೆ ಚರ್ಮ ಇನ್ನಷ್ಟು ಒಣಗಿ ಬಿಗಿಯುತ್ತದೆ. ಫೆಬ್ರುವರಿ-ಮಾರ್ಚ್‌ನ ಹುಬ್ಬಳ್ಳಿಯ ಒಣಗಾಳಿಯಲ್ಲಂತೂ ನಕ್ಕರೆ ಕೆನ್ನೆ ಸೀಳಿದ ಹಾಗೆ.

ಅಲ್ಲಿಂದ ಮುಂದೆ ಬಿಳಿ ಪೆಟ್ರೋಲಿಯಂ ಜೆಲ್ಲಿಗೆ ಸಾಟಿ ಇಲ್ಲ. ತುರಿಕೆ ಥಟ್ಟನೆ ನಿಲ್ಲಿಸುವುದಿಲ್ಲ, ಮುಖ ಎಣ್ಣೆಎಣ್ಣೆ ಕಾಣುತ್ತದೆ, ಅದಕ್ಕೇ ಜನ ಬೇಗ ಬಿಟ್ಟುಬಿಡುತ್ತಾರೆ. ಸುವಾಸನೆ ಇಲ್ಲದ್ದನ್ನೇ ತರಬೇಕು. ನಳದ ಸಿಹಿ ನೀರಿನಲ್ಲಿ ಸಾಬೂನಿಲ್ಲದೆ ಮುಖ ತೊಳೆದು, ಒತ್ತಿ ಒರೆಸಿ, ಪಸೆ ಆರುವ ಮೊದಲೇ ಎರಡೂ ಕೆನ್ನೆಗೆ ಸೇರಿ ಕಡಲೆಕಾಳಿನಷ್ಟು ಸಾಕು. ಬೋರ್‌ನ ಸವಳು ನೀರು ಬಂದ ದಿನ ಕಾಯಿಸಿ ಆರಿಸಿದ ಕುಡಿಯುವ ನೀರು ವಾಸಿ. ಸವಳಿಗೆ ಸಾಬೂನು ಸೇರಿದರೆ ಅಂಟಿನ ಪದರ ಚರ್ಮದ ಮೇಲೇ ಕೂರುತ್ತದೆ. ಏಪ್ರಿಲ್‌ನ ಬೆವರಿಗೆ ಜೆಲ್ಲಿ ಕೆಳಗೆ ಬೆವರುಸಾಲೆ ಏಳಬಹುದು. ಆಗ ಹಗಲು ಸುವಾಸನೆಯಿಲ್ಲದ ಸೆರಮೈಡ್ (ಚರ್ಮದಲ್ಲೇ ಇರುವ ಜಿಡ್ಡಿನಂಶ) ಕ್ರೀಮ್, ರಾತ್ರಿ ಜೆಲ್ಲಿ.

ಹೈಡ್ರೋಕಾರ್ಟಿಸೋನ್ 1% ಎಂಬ ಸೌಮ್ಯ ಸ್ಟಿರಾಯ್ಡ್ ಕ್ರೀಮ್ ಅಲರ್ಜಿಯ ತುರಿಕೆಗೆ ನಿಜಕ್ಕೂ ಕೆಲಸ ಮಾಡುತ್ತದೆ, ಎರಡು-ಮೂರು ದಿನದಲ್ಲೇ ವ್ಯತ್ಯಾಸ ತಿಳಿಯುತ್ತದೆ. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನ ತನಕ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ; ಎರಡು ಅಂಗೈ ಅಗಲಕ್ಕೆ ಅಷ್ಟೇ ಬೇಕು. ದಿನಕ್ಕೆ ಎರಡು ಸಲ, ಮುಖದ ಮೇಲೆ ಐದರಿಂದ ಏಳು ದಿನ, ಡಾಕ್ಟರ್ ಚೀಟಿಯ ಮೇಲೆ. ರೆಪ್ಪೆಗೆ ಬೇಡ.

ಇದನ್ನೂ ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ‘ಮಿಕ್ಸ್’ ಕ್ರೀಮನ್ನೂ ಒಂದೇ ಎಂದುಕೊಳ್ಳಬೇಡಿ. ಆ ‘ಮಿಕ್ಸ್’ನಲ್ಲಿ ಕ್ಲೊಬೆಟಾಸೋಲ್ ಅಥವಾ ಬೀಟಾಮೆಥಾಸೋನ್ ಎಂಬ ಜೋರಾದ ಸ್ಟಿರಾಯ್ಡ್ ಜತೆ ಹುಳುಕಡ್ಡಿಯ ಔಷಧ, ಆಂಟಿಬಯಾಟಿಕ್ ಎಲ್ಲ ಕಲಸಿರುತ್ತದೆ. ಎಲ್ಲಕ್ಕಿಂತ ಬೇಗ ಮುಖ ತಿಳಿಯಾಗಿಸುವುದು ಇದೇ. ಬಿಟ್ಟ ಕೆಲ ದಿನಕ್ಕೆ ಮೊದಲಿಗಿಂತ ಕೆಂಪು, ಮತ್ತೆ ಹಚ್ಚುತ್ತಾರೆ, ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತವೆ, ಬಿಸಿಲಿಗೆ ಹೋದರೆ ಉರಿ. ವಾರಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ಬಿಡದೆ ಚರ್ಮದ ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ಹಿತ್ತಲಿನ ಲೋಳೆಸರ ತಂಪೇನೋ ಹೌದು. ಕತ್ತರಿಸಿದ ಎಲೆಯನ್ನು ಹತ್ತು-ಹದಿನೈದು ನಿಮಿಷ ನೆಟ್ಟಗೆ ನಿಲ್ಲಿಸಿ ಹಳದಿ ರಸ ಸೋರಿಸದಿದ್ದರೆ ಆ ರಸವೇ ಕೆರಳಿಸುತ್ತದೆ. ಒಡೆದ ಚರ್ಮಕ್ಕೆ ಚುರುಗುಟ್ಟುತ್ತದೆ, ತಣ್ಣೀರಲ್ಲಿ ಅದ್ದಿದ ಹಳೆ ಧೋತರದ ಬಟ್ಟೆ ಹತ್ತು ನಿಮಿಷ ಇಟ್ಟರೆ ಅಷ್ಟೇ ಗುಣ ಸಿಗುತ್ತದೆ. ನಿಂಬೆ, ಅರಿಸಿನ, ಮೊಸರು ಯಾವುದೂ ಬೇಡ. ಹಾಗೆಯೇ ಮೆಣಸಿನಕಾಯಿ ತೊಟ್ಟು ಮುರಿದ ಕೈ ಮುಖಕ್ಕೆ ಹೋಗದಿರಲಿ. ಖಾರ ಕಡಿಮೆ ಅನ್ನುವ ಬ್ಯಾಡಗಿಯೂ ಒಡೆದ ಕೆನ್ನೆಗೆ ಖಾರವೇ.

ರೆಪ್ಪೆ ಊದಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ಮನೆಮದ್ದು ನಿಲ್ಲಿಸಿ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ ಹತ್ತಿರದ ಜಿಲ್ಲಾ ಆಸ್ಪತ್ರೆಗೋ ಹೋಗಿ, ಹಚ್ಚಿದ ಡಬ್ಬಿಗಳನ್ನೆಲ್ಲ ಜೊತೆಗೊಯ್ಯಿರಿ. ಕೆಂಪು ಹೋದ ಮೇಲೆ ಉಳಿಯುವ ಕಂದು ಕಲೆ ತಿಂಗಳುಗಟ್ಟಲೆ ಇರಬಹುದು; ಅದಕ್ಕೆ ಸತುವಿನ ಸನ್‌ಸ್ಕ್ರೀನ್ ಸಾಕು, ಬಿಳುಪಿನ ಕ್ರೀಮ್ ಬೇಡ. ಮುಂದಿನ ಹೊಸ ಕ್ರೀಮನ್ನು ಮೊಣಕೈ ಒಳಮಗ್ಗುಲಿಗೆ ದಿನಕ್ಕೆ ಎರಡು ಸಲದಂತೆ ಏಳರಿಂದ ಹತ್ತು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ.